ಬೆನ್ನು ತಿರುಗಿಸಿದ ಹಕ್ಕಿ

ಕಚೇರಿಯಲ್ಲಿ ಅವಳಿಗೆ ಅನುಮಾನಕ್ಕ ಎಂದೇ ಹೆಸರು. ಹೆಸರಿಟ್ಟವರ ಮೇಲೂ ಅವಳಿಗೆ ಅನುಮಾನವಿತ್ತು ಅನ್ನಿ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯ ಒಂದೊಂದು ಚಿಹ್ನೆಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡಿಸುವ ಮೊದಲು ತಪಾಸಣೆ ಮಾಡುವುದು ಅವಳ ಕೆಲಸ. ಒಮ್ಮೆ ಕೊಟ್ಟರೆ ಮುಗಿಯಿತು, ತಪ್ಪೆಂದು ಗೊತ್ತಾದರೂ ಸಂಖ್ಯೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅನುಮಾನ ಪಡದೆ ಇನ್ನೇನು ಮಾಡಬೇಕು?

ಈ ಸಲದ ಪಟ್ಟಿಯಲ್ಲಿ ಇಪ್ಪತ್ತೇಳು ಚಿಹ್ನೆಗಳಿಗೆ ಇದ್ದದ್ದು ಒಬ್ಬರೇ ಸಾಕ್ಷಿ, ಅವಳ ಮಾವ. ನಲವತ್ತು ವರ್ಷದ ಹಿಂದೆ ಈಜಿಪ್ಟಿನಲ್ಲಿ ಉತ್ಖನನ ತಂಡವೊಂದರ ನಕಲುಗಾರರಾಗಿದ್ದಾಗ ಅವರು ಗೋಡೆಯೊಂದರ ಬರಹವನ್ನು ನಕಲು ಮಾಡಿ ತಂದಿದ್ದರು. ಆಮೇಲೆ ಗೋಡೆಯೇ ಕುಸಿದುಹೋಯಿತು. "ನಾನು ಹೋದ್ಮೇಲೂ ನನ್ನ ಇಪ್ಪತ್ತೇಳು ಇರುತ್ತೆ" ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಆ ಇಪ್ಪತ್ತೇಳರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಒಂದು ಹಕ್ಕಿ. ಈ ಲಿಪಿಯಲ್ಲಿ ಪ್ರಾಣಿಪಕ್ಷಿಗಳು ಸಾಲು ಶುರುವಾಗುವ ಕಡೆಗೆ ಮುಖ ಮಾಡಿರುತ್ತವೆ. ಇದೊಂದು ಮಾತ್ರ ಬೆನ್ನು ತಿರುಗಿಸಿ ನಿಂತಿತ್ತು. ಅದರ ಗೂಢಾರ್ಥ ಹುಡುಕಿ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದರು. ಅವಳು ಮಾತ್ರ ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿಟ್ಟಳು. ನೆಟ್ಟಗೆ ಮನೆಗೆ ಬಂದಳು.

"ಮಾವ, ಈ ಹಕ್ಕಿ ಗೋಡೆ ಮೇಲೆ ನಿಜವಾಗ್ಲೂ ಇತ್ತಾ?"

ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಬಾಲ ಮಾತ್ರ ಇತ್ತಮ್ಮ. ಉಳಿದದ್ದು ಒಡೆದುಹೋಗಿತ್ತು. ಜಾಗ ಖಾಲಿ ಬಿಟ್ರೆ ಕೆಲಸದಿಂದ ತೆಗೀತೀನಿ ಅಂದ ತಂಡದ ಸಾಹೇಬ. ಬರೆದೆ. ಆದ್ರೆ ಬೇಕಂತಲೇ ತಿರುಗಿಸಿ ಬರೆದೆ. ಲಿಪಿ ಬಲ್ಲವರು ಕಂಡ ಕೂಡ್ಲೇ ಹಿಡೀಲಿ, ಬಂದು ಕೇಳ್ಲಿ ಅಂತ."

"ಯಾರೂ ಕೇಳ್ಲಿಲ್ವಾ?"

"ನಕಲು ಮಾಡೋನನ್ನ ಯಾರು ಕೇಳ್ತಾರೆ? ಹೊಗಳಿದ್ರು. ನಾನೂ ಬಾಯಿ ಮುಚ್ಕೊಂಡೆ. ಕೇಳಿದ್ದು ನೀನೊಬ್ಳೇ."

ಅವರ ಮುಖ ಹಗುರಾಗಿತ್ತು. ಅಷ್ಟಕ್ಕೆ ಅವಳು ಸುಮ್ಮನಾಗಬಹುದಿತ್ತು. ಆದರೆ ಹುಟ್ಟುಗುಣ, ಬಾಯಿ ತಡೆಯಲಿಲ್ಲ.

"ಇಂಥವು ಬೇರೆ ಇವೆಯಾ, ಮಾವ?"

ಮಾವನ ಮುಖ ಸಪ್ಪಗಾಯಿತು. "ಇಲ್ಲ ತಾಯಿ. ಬಾಕಿ ಇಪ್ಪತ್ತಾರೂ ಕಲ್ಲಿನ ಮೇಲೆ ಇದ್ದದ್ದೇ. ಆಣೆ ಬೇಕಾದ್ರೂ ಮಾಡ್ತೀನಿ." ಆಮೇಲೆ ತಾವೇ ಹೇಳಿದರು, "ನಿನ್ನ ಕಾಗದದಲ್ಲಿ ಆಣೆಗೆ ಜಾಗ ಇಲ್ಲ ಅಲ್ವಾ?"

ಅವಳು ಚೀಲ ಎತ್ತಿಕೊಂಡಳು. ವಾಪಸು ಕಚೇರಿಗೆ ಹೋಗಿ ಪಟ್ಟಿ ತೆರೆದು ಕುಳಿತಳು. ಆ ಇಪ್ಪತ್ತಾರನ್ನೂ ಅವಳು ಮನಸಾರೆ ನಂಬಿದಳು. ಸಾಕ್ಷಿ ಕೇಳದೆ ಏನನ್ನಾದರೂ ನಂಬಿದ್ದು ಅದೇ ಮೊದಲು. ಆದರೆ ಒಂದನ್ನು ಊಹಿಸಿ ಬರೆದ ಕೈಯೇ ಉಳಿದವಕ್ಕೂ ಇದ್ದ ಒಂದೇ ಸಾಕ್ಷಿ. ಒಂದನ್ನೂ ಬಿಡದೆ ಇಪ್ಪತ್ತೇಳಕ್ಕೂ ಅಡ್ಡಗೆರೆ ಎಳೆದಳು.