ಮೆಹಬೂಬಸಾಬರ ಎಡಗೈ

ನಮ್ಮ ಅಬ್ಬಾರ ಬಲಗೈ ಕರ್ರಗಿದೆ, ಎಡಗೈ ಬೆಳ್ಳಗಿದೆ. ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಇಪ್ಪತ್ತೆಂಟು ವರ್ಷದಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗ ಅಂತ ಕ್ರೂಸರ್ ಗಾಡಿ ಓಡಿಸುವವರು. ಬಲ ಮೊಣಕೈಯನ್ನು ಕಿಟಕಿಯ ಮೇಲೆ ಇಡದಿದ್ದರೆ ಅವರಿಗೆ ಗಾಡಿ ಮುಂದೆ ಹೋದಂತೆಯೇ ಅನಿಸುವುದಿಲ್ಲ. ಮುಖದ್ದೂ ಅದೇ ಕಥೆ. ಬಲಗಡೆಯಿಂದ ನೋಡಿದವರಿಗೆ ಮೆಹಬೂಬಸಾಬರು ಕಾಣುತ್ತಾರೆ, ಎಡಗಡೆಯಿಂದ ನೋಡಿದವರಿಗೆ ಅವರ ತಮ್ಮ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನಮ್ಮ ಅಕ್ಕ ಸಿಮ್ರನಳ ಮದುವೆ ನಿಶ್ಚಯದ ಮಂಗನಿ ಆಗುವವರೆಗೆ. ಆ ದಿನ ಅಬ್ಬಾ ಅರ್ಧ ತೋಳಿನ ಹೊಸ ಅಂಗಿ ತೊಟ್ಟು, ಖರ್ಜೂರದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಗರ ಮುಂದೆ ಚಾಚಿದರು. ಫೋಟೋದವನಿಗೆ ಅಂದು ಕಲೆ ಉಕ್ಕಿ ಬಂದಿತ್ತೋ ಏನೋ, ತಟ್ಟೆ ಮತ್ತು ಕೈಗಳನ್ನಷ್ಟೇ ಹಿಡಿದ. ಅದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು. ರಾಮದುರ್ಗದ ನಾಸಿರ ಚಾಚಾ ಬರೆದರು: "ಬಲಗೈ ಮೆಹಬೂಬಂದು. ಎಡಗೈ ಯಾರ್ದು?"

ಅದರ ಕೆಳಗೆ ಮೂವತ್ತೆರಡು ನಗುಮುಖಗಳು ಬಿದ್ದವು. ಅಬ್ಬಾ ಊಟ ಬಿಟ್ಟು ಎದ್ದರು.

ಶಾದಿಗೆ ಒಂದೂವರೆ ತಿಂಗಳಿತ್ತು. ಅಮ್ಮಿ ಕಡಲೆಹಿಟ್ಟು, ಮೊಸರು, ನಿಂಬೆರಸ ಕಲೆಸಿ ಬಲಗೈಗೆ ಬಳಿದರು. ಹತ್ತು ದಿನವಾದರೂ ಕೈ ತನ್ನ ಪಟ್ಟು ಬಿಡಲಿಲ್ಲ. ಹನ್ನೊಂದನೆಯ ದಿನ ಅಬ್ಬಾ ಚಹದ ಕಪ್ಪು ಕೆಳಗಿಟ್ಟು ತಮ್ಮ ತೀರ್ಮಾನ ಹೇಳಿದರು.

"ಬಲಗೈ ಬೆಳ್ಳಗ ಆಗೂದಿಲ್ಲಂದ್ರ ಬ್ಯಾಡ. ಎಡಗೈನ ಕರ್ರಗ ಮಾಡಿದ್ರ ಆತು."

"ಏನ್ರೀ, ತಲಿ ನೆಟ್ಟಗ ಐತಿಲ್ಲೊ?" ಅಂದರು ಅಮ್ಮಿ.

ನನಗೆ ಮಾತ್ರ ಜೀವ ಬಂತು. "ಅಬ್ಬಾ, ಎಡಗಡಿ ಕಿಟಕಿ ಕಡೆ ಕುಂದರ್ರಿ. ಒಂದ ತಿಂಗಳದಾಗ ತಾನ ಕರ್ರಗ ಆಗತೈತಿ. ಗಾಡಿ ನಾ ಹೊಡಿತೇನಿ."

ಇದನ್ನು ನಾನು ಕೇಳುತ್ತಿದ್ದುದು ಅದೇ ಮೊದಲ ಸಲವಲ್ಲ. ಡಿಗ್ರಿ ಮುಗಿಸಿ, ಬೈಲಹೊಂಗಲದಲ್ಲೇ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದುಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆ ಲೈಸೆನ್ಸ್ ಅಮ್ಮಿಯ ಸೀರೆಗಳ ನಡುವೆ ತಣ್ಣಗೆ ಮಲಗಿತ್ತು. ನನಗೆ ಬಂಗಾರ ಬೇಡ, ಬೆಂಗಳೂರು ಬೇಡ. ಅಬ್ಬಾರ ಸೀಟಿನಲ್ಲಿ ಕೂತು, ಹಿಂದೆ ಜನರನ್ನು ತುಂಬಿಕೊಂಡು, ಯಲ್ಲಮ್ಮನ ಗುಡ್ಡದವರೆಗೆ ಹೋಗಿ ಬರಬೇಕು. ಅಷ್ಟೇ ಆಸೆ. ಬೇರೆಯವರ ಮನೆಯ ಗಂಡುಮಕ್ಕಳಿಗೆ ಹದಿನೆಂಟಕ್ಕೇ ಸಿಗುವುದು ನನಗೆ ಇಪ್ಪತ್ಮೂರಕ್ಕೂ ಸಿಗದೆ ಸಿಟ್ಟು ಬರುತ್ತಿತ್ತು.

"ಕ್ರೂಸರ್ ಅಂದ್ರ ಸ್ಕೂಟಿ ಅಲ್ಲ, ತಸ್ಲೀಮ. ಅದು ನನ್ನ ಕೈ ಬಿಟ್ರ ಯಾರ ಮಾತೂ ಕೇಳೂದಿಲ್ಲ," ಅಂದರು ಅಬ್ಬಾ. ಮಾತು ಮುಗಿಯಿತು.

ಹೀಗಾಗಿ ಭಾನುವಾರ ಸೂಟಿ ಅಂತ ಆಯಿತು. ಅಬ್ಬಾ ಸೂಟಿ ತೆಗೆದುಕೊಂಡದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡೆಗೆ ಹೋಗಿ, ಬಿಸಿಲಿಗೆ ಮಲಗಿ ಬರುವುದು. ಏಪ್ರಿಲ್ ತಿಂಗಳಲ್ಲಿ ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೇನು ಬರವಿಲ್ಲ. ಆದರೆ ಸುತ್ತಲಿನ ಮಾಳಿಗೆಗಳ ತುಂಬ ಸಂಡಿಗೆ ಒಣಹಾಕುವ ಹೆಂಗಸರು. ಅವರ ನಡುವೆ ತಾವೂ ಒಣಗುತ್ತ ಮಲಗಲು ಅಬ್ಬಾ ತಯಾರಿರಲಿಲ್ಲ. ಸಿಮ್ರನ ಬರಲಿಲ್ಲ. ಮದುಮಗಳ ಬಣ್ಣ ಕೆಡುತ್ತದೆಂದು ಅವಳು ಕಿಟಕಿಗೆಲ್ಲ ಚಾದರ ಕಟ್ಟಿ ಒಳಗೆ ಕೂತಿದ್ದಳು. ಒಂದೇ ಮನೆಯಲ್ಲಿ ಮಗಳು ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದಳು, ಅಪ್ಪ ಬಿಸಿಲು ಹುಡುಕಿಕೊಂಡು ನಲವತ್ತು ಕಿಲೋಮೀಟರ್ ಹೊರಟಿದ್ದರು.

ದಂಡೆಯಲ್ಲಿ ಚಾಪೆ ಹಾಸಿದೆವು. ನಾನು ಸನ್‌ಸ್ಕ್ರೀನಿನ ಟ್ಯೂಬು ಕೊಟ್ಟೆ. "ಅಬ್ಬಾ, ಎರಡೂ ಕೈಗೆ ದಪ್ಪಗ ಹಚ್ಚಿಕೋರಿ. ಇಪ್ಪತ್ತ ನಿಮಿಷಕ್ಕ ಎದ್ದ ನೆರಳಿಗೆ ಬರಬೇಕು. ಚರ್ಮ ಸುಟ್ಟರ ಹುಡುಗಾಟ ಅಲ್ಲ."

"ಬಿಸಿಲಿಗೆ ಮಲಗಾಕ ಬಂದು ಬಿಸಿಲ ತಡಿಯೂದು ಹಚ್ಚಿಕೊಳ್ಳೂದ? ಕೊಡೆ ಹಿಡಕೊಂಡು ಜಳಕಾ ಮಾಡಿದಂಗ ಆತು," ಅಂದರು ಅಬ್ಬಾ. ಆದರೂ ಟ್ಯೂಬು ವಾಪಸು ಕೊಡಲಿಲ್ಲ. ಪೂರ್ತಿ ಟ್ಯೂಬನ್ನು ಬಲಗೈಗೆ ಬಳಿದರು, ಅದು ಇನ್ನೂ ಕಪ್ಪಾಗಬಾರದಲ್ಲ. ಎಡಗೈಗೆ, ಭುಜಕ್ಕೆ, ಎಡಗೆನ್ನೆಗೆ ಕೊಬ್ಬರಿ ಎಣ್ಣೆ ತಿಕ್ಕಿದರು, ಬಿಸಿಲು ಲಗೂನ ಹತ್ತಲಿ ಅಂತ. ಆಮೇಲೆ ದೊಡ್ಡ ಕರಿ ಕೊಡೆಯನ್ನು ಬಲಗಡೆಗೆ ಊರಿ, ದೇಹದ ಬಲ ಅರ್ಧ ನೆರಳಿಗೂ ಎಡ ಅರ್ಧ ಬಿಸಿಲಿಗೂ ಬರುವಂತೆ ಬನಿಯನ್ ಮತ್ತು ಲುಂಗಿಯಲ್ಲಿ ಅಂಗಾತ ಮಲಗಿದರು. ನಾನು ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟು ಅವರ ತಲೆಯ ಬಳಿ ಇಟ್ಟೆ. ಅದು ಕೂಗಿದಾಗ ಅಬ್ಬಾ ಕಣ್ಣು ತೆರೆಯದೆ ಅದರ ಬಾಯಿ ಮುಚ್ಚಿದರು.

ನೀರಿಗೆ ಕಾಲು ಇಳಿಬಿಟ್ಟು ಕೂತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಆಡು ಮೇಯಿಸುವ ಒಬ್ಬ ಹಿರಿಯರು ಅಬ್ಬಾರ ಪಕ್ಕ ನಿಂತಿದ್ದರು. ರಾಮಲಿಂಗಪ್ಪ ಅಂತ ಅವರ ಹೆಸರು, ಆಮೇಲೆ ಗೊತ್ತಾಯಿತು. ಗೊರಕೆ ಹೊಡೆಯುತ್ತಿದ್ದ ಅಬ್ಬಾರ ಬಾಯಿ ಒಂದು ಕಡೆಗೆ ಜಾರಿತ್ತು. ಅರ್ಧ ಮೈಗೆ ಎಣ್ಣೆ, ಅರ್ಧ ಮೈಗೆ ಬಿಳಿ ಮುಲಾಮು.

"ಎಷ್ಟ ದಿನಾತ್ರಿ ಅಕ್ಕಾರ, ಇವರಿಗೆ ಹಿಂಗಾಗಿ?" ಅಂತ ಅವರು ಅಮ್ಮಿಯನ್ನು ಮೆಲ್ಲಗೆ ಕೇಳಿದರು.

ಕಲ್ಲಂಗಡಿ ಕೊಯ್ಯುತ್ತಿದ್ದ ಅಮ್ಮಿಗೆ ಗಂಡನ ಮೇಲೆ ರೇಗಿತ್ತು. "ಮಗಳ ಮಂಗನಿ ಆದಾಗಿಂದ ಹಿಂಗ ಅದಾರ ನೋಡ್ರಿ."

"ಪಾಪ, ಮದುವಿ ಚಿಂತಿ. ನಮ್ಮ ಅಣ್ಣಗೂ ಎಡಗಡೀಗೆ ಹೊಡದಿತ್ತು. ಹೂಲಿ ಕಡೆ ಒಬ್ಬರು ಲಕ್ವಾಕ್ಕ ಔಷಧ ಕೊಡತಾರ. ಬಿಸಿಲಿಗೆ ಮಲಗಿಸಿ ಎಣ್ಣಿ ತಿಕ್ಕೂದು ಛಲೋನ ಐತಿ, ಆದ್ರ ಅಷ್ಟಕ್ಕ ಬಿಡಬ್ಯಾಡ್ರಿ."

ಲಕ್ವಾ ಅಂದದ್ದು ಕೇಳಿ ನಾನು ಓಡಿ ಬಂದೆ. ಅಷ್ಟರಲ್ಲಿ ಅವರು ನಮ್ಮ ಗಾಡಿಯ ಹಿಂದೆ ಬರೆದಿದ್ದ ಸ್ಟ್ಯಾಂಡಿನ ಫೋನ್ ನಂಬರು ಓದಿ, ಅದಕ್ಕೆ ಫೋನು ಹಚ್ಚಿಕೊಂಡು, ಆಡುಗಳ ಹಿಂದೆ ಹೊರಟುಹೋಗಿದ್ದರು. ಅಬ್ಬಾರನ್ನು ಅಲುಗಿಸಿ ಎಬ್ಬಿಸಿದೆ. ಅವರು ಮಲಗಿ ಎರಡೂವರೆ ತಾಸಾಗಿತ್ತು.

"ಸ್ವಲ್ಪ ಬಿಸಿ ಅನಸ್ತೈತಿ ಅಷ್ಟ," ಅಂದರು. ತಾವೇ ಗಾಡಿ ಹೊಡೆದುಕೊಂಡು ಮನೆಗೆ ಬಂದರು.

ಸಂಜೆಯ ಮಗರಿಬ್ ನಮಾಜಿನ ಹೊತ್ತಿಗೆ ಎಡಗೈ ಕರ್ರಗಾಗಲಿಲ್ಲ. ಕೆಂಪು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಭುಜದಿಂದ ಮಣಿಕಟ್ಟಿನವರೆಗೆ ಉರಿ. ಮೇಲೆ ಗಾಳಿ ಸುಳಿದರೂ ಅಬ್ಬಾ ಹಲ್ಲು ಕಚ್ಚುತ್ತಿದ್ದರು. ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದು. ಗಾಡಿ ಸ್ಟ್ಯಾಂಡಿನಲ್ಲಿ ಬಾಡಿಗೆ ಹೊಂದಿಸಿ ಕೊಡುವ ಮಹಾದೇವ ಮಾಮಾ, ಹಿಂದೆ ಮೂವರು ಡ್ರೈವರುಗಳು, ಒಬ್ಬರ ಕೈಯಲ್ಲಿ ಎಳನೀರು.

"ಸಾಬ್ರ, ಎದಿ ಗಟ್ಟಿ ಮಾಡಿಕೋರಿ. ಲಕ್ವಾ ಈಗ ಎಲ್ಲಾರಿಗೂ ಬರತೈತಿ," ಅಂದರು ಮಹಾದೇವ ಮಾಮಾ.

"ಯಾವ ಲಕ್ವಾ? ಯಾರಿಗೆ?" ಅಂತ ಅಬ್ಬಾ ಎದ್ದು ನಿಂತರು. "ಇಲ್ಲಿ ನೋಡ್ರಿ!" ಅಂತ ಎಡಗೈಯನ್ನು ಸರ್ರನೆ ಮೇಲೆತ್ತಿದರು. ಭುಜದ ಹತ್ತಿರ ಬರುವಷ್ಟರಲ್ಲಿ "ಯಾ ಅಲ್ಲಾ!" ಅಂತ ಚೀರಿ ಕೈ ಕೆಳಗೆ ಬಿಟ್ಟರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಬಿಸಿಲಿಗೆ ಬೇಕಂತಲೇ ಮಲಗಿ ಸುಟ್ಟುಕೊಂಡೆ ಅಂತ ಹೇಳುವುದೋ, ಲಕ್ವಾ ಅಂತ ಒಪ್ಪಿಕೊಳ್ಳುವುದೋ ಅಬ್ಬಾರಿಗೆ ತಿಳಿಯಲಿಲ್ಲ. ಕೊನೆಗೆ ಎಳನೀರು ಇಸಿದುಕೊಂಡು ಕುಡಿದರು.

ಸೋಮವಾರ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಎಡಗೈ ನೋಡಿ, ತಣ್ಣೀರ ಬಟ್ಟೆ, ಒಂದು ಮುಲಾಮು, ಹದಿನೈದು ದಿನ ಬಿಸಿಲು ತಾಗಿಸಬಾರದು ಅಂತ ಹೇಳಿದರು. ಆಮೇಲೆ ಯಾರೂ ಕೇಳದಿದ್ದರೂ ಬಲಗೈ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕ ಬಣ್ಣ ಅಂತೀರೇನು? ಇದೂ ಸುಟ್ಟದ್ದ. ಎಡಗೈ ಒಂದ ದಿನದಾಗ ಸುಟ್ಟೈತಿ, ಇದು ಇಪ್ಪತ್ತೆಂಟ ವರ್ಷ ಸುಡಕೋತ ಬಂದೈತಿ. ತುಂಬುತೋಳಿನ ಅಂಗಿ ಹಾಕ್ರಿ. ಸನ್‌ಸ್ಕ್ರೀನ್ ದಿನಾ ಹಚ್ಚಿಕೋರಿ, ಎರಡೂ ಕೈಗೆ."

ವಾಪಸು ಬರುವಾಗ ಆಟೋದಲ್ಲಿ ಅಬ್ಬಾ ತಮ್ಮ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಅವರನ್ನು ನೋಡಿ ನನಗೂ ಅಯ್ಯೋ ಅನಿಸಿತು, ನಗು ಮಾತ್ರ ನಿಲ್ಲಲಿಲ್ಲ.

ನಿಜವಾದ ಪೇಚು ಬಂದದ್ದು ಮಂಗಳವಾರ. ಬಾಯವ್ವ ಅಜ್ಜಿಯ ಗುಂಪಿಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಬಾಡಿಗೆ ಗೊತ್ತಾಗಿತ್ತು. ಹತ್ತು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೇ ಸ್ಟ್ಯಾಂಡಿಗೆ ಬಂದಿದ್ದರು. ಅಬ್ಬಾ ತುಂಬುತೋಳಿನ ಅಂಗಿಯಲ್ಲಿ ಸೀಟು ಹತ್ತಿ ಗಾಡಿ ಚಾಲೂ ಮಾಡಿದರು. ಎಡಗೈಯಿಂದ ಗೇರು ಹಾಕಬೇಕು. ಫಸ್ಟ್ ಹೇಗೋ ಬಿತ್ತು. ಸೆಕೆಂಡಿಗೆ ಎಳೆಯುವಾಗ ಬಟ್ಟೆ ಭುಜಕ್ಕೆ ತಿಕ್ಕಿ ಕಣ್ಣಲ್ಲಿ ನೀರು ಬಂತು. ಗಾಡಿ ನಿಂತಿತು.

"ನಾ ಹೊಡಿತೇನಿ, ಸಾಬ್ರ," ಅಂದರು ಮಹಾದೇವ ಮಾಮಾ.

ಅಬ್ಬಾ ಅವರನ್ನು ನೋಡಿದರು. ಮಾಮಾ ಎರಡು ವರ್ಷದಲ್ಲಿ ತಮ್ಮ ಗಾಡಿಯ ಕ್ಲಚ್ಚನ್ನು ಮೂರು ಸಲ ಸುಟ್ಟವರು. ಆಮೇಲೆ ನನ್ನನ್ನು ನೋಡಿದರು. ನಾನು ಲೈಸೆನ್ಸನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅಂದು ಬೇಡ ಅಂದಿದ್ದರೆ ಆ ಲೈಸೆನ್ಸನ್ನು ಮತ್ತೆ ಸೀರೆಗಳ ನಡುವೆ ಇಡುತ್ತಿರಲಿಲ್ಲ, ಒಲೆಗೇ ಹಾಕುತ್ತಿದ್ದೆ. ಅಬ್ಬಾ ಕೆಳಗಿಳಿದು, ಗಾಡಿಯನ್ನು ಒಂದು ಸುತ್ತು ಹಾಕಿ, ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತರು. ಕೀ ಗಾಡಿಯಲ್ಲೇ ಇತ್ತು.

"ಹುಡಿಗಿ ಹೊಡಿತಾಳ?" ಅಂದರು ಬಾಯವ್ವ ಅಜ್ಜಿ.

"ಹೊಡಿತೇನಿ, ಅಜ್ಜಿ."

"ಹಂಗಾರ ನಾ ಮುಂದ ಕುಂದರತೇನಿ, ತಡಿ. ಇದನ್ನ ನೋಡಬೇಕು," ಅಂತ ಅಜ್ಜಿ ಇಬ್ಬರ ನಡುವೆ ತುರುಕಿಕೊಂಡು ಕೂತರು.

ಉಗರಗೋಳದವರೆಗೆ ಅಬ್ಬಾ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಎಷ್ಟು ಸಲ ಒತ್ತಿದರೋ ಲೆಕ್ಕವಿಲ್ಲ. ಗುಡ್ಡದ ಏರಿನಲ್ಲಿ ಮುಂದಿದ್ದ ಟ್ರ್ಯಾಕ್ಟರು ನಿಂತಿತು. ಹಿಂದೆ ಬಸ್ಸು, ಒಂದು ಕಡೆ ತಗ್ಗು, ಒಳಗೆ ಹತ್ತು ಜನ. ನಾನು ಬ್ರೇಕು ಹಿಡಿದು, ಕ್ಲಚ್ಚನ್ನು ಅರ್ಧ ಬಿಟ್ಟು, ಗಾಡಿ ಮೈ ನಡುಗಿಸುವವರೆಗೆ ಕಾದೆ. ಟ್ರ್ಯಾಕ್ಟರು ಮತ್ತೆ ಹೊರಟಿತು. ಕ್ರೂಸರ್ ಒಂದಿಂಚೂ ಹಿಂದೆ ಸರಿಯದೆ ಏರು ಹತ್ತಿತು.

"ಭೇಷ್, ಯವ್ವಾ!" ಅಂತ ಅಜ್ಜಿ ನನ್ನ ಬೆನ್ನು ತಟ್ಟಿದರು.

"ಗಾಡಿ ಛಲೋ ಐತ್ರಿ ನಂದು," ಅಂದರು ಅಬ್ಬಾ.

ಶುಕ್ರವಾರವೂ ನಾನೇ ಹೋದೆ. ಮುಂದಿನ ಮಂಗಳವಾರ, ಶುಕ್ರವಾರವೂ. ಎಡಗೈಯ ಸುಟ್ಟ ಚರ್ಮ ಹಪ್ಪಳದಂತೆ ಸುಲಿದು, ಕೆಳಗಿನಿಂದ ಎಳೆ ಮಗುವಿನಂಥ ಬಿಳಿ ಚರ್ಮ ಬಂತು. ಎರಡು ಕೈಗಳ ನಡುವಿನ ಅಂತರ ಈಗ ಮೊದಲಿಗಿಂತ ದುಪ್ಪಟ್ಟಾಗಿತ್ತು. ಸಿಮ್ರನ ನಕ್ಕು ನಕ್ಕು ಹಾಸಿಗೆಯ ಮೇಲೆ ಬಿದ್ದಳು. ಅಬ್ಬಾರಿಗೆ ಮಾತ್ರ ಸಿಟ್ಟು ಬರಲಿಲ್ಲ. ಶಾದಿಗೆ ಉದ್ದ ತೋಳಿನ ಶೇರ್ವಾನಿ ಹೊಲಿಯಲು ಹಾಕಿ ಬಂದರು.

ಮೂರನೆಯ ಮಂಗಳವಾರ ನಸುಕಿನಲ್ಲಿ ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕುಡಿಯುವ ನೀರಿನ ಗಾಡಿ ಬಂದಿತ್ತು. ಅಬ್ಬಾ ಇಪ್ಪತ್ತು ಲೀಟರಿನ ತುಂಬಿದ ಕ್ಯಾನನ್ನು ಎಡಗೈಯಿಂದ ಎತ್ತಿ, ಎಡ ಭುಜದ ಮೇಲೆ ಇಟ್ಟುಕೊಂಡು, ಸಿಳ್ಳೆ ಹಾಕುತ್ತ ಹಿತ್ತಲಿಗೆ ಹೋದರು. ಇನ್ನೊಂದಕ್ಕೆ ಮತ್ತೆ ಬಂದರು. ಕೈ ಪೂರ್ತಿ ವಾಸಿಯಾಗಿತ್ತು. ಇನ್ನು ಗಾಡಿ ಅವರದು, ಸೀಟು ಅವರದು. ಬೇಸರ ನುಂಗಿಕೊಂಡು ಬುತ್ತಿ ಕಟ್ಟಿ, ಅವರ ಹಿಂದೆ ಸ್ಟ್ಯಾಂಡಿಗೆ ನಡೆದೆ.

"ಸಾಬ್ರ, ಕೈ ಹೆಂಗೈತಿ?" ಅಂತ ಮಹಾದೇವ ಮಾಮಾ ದೂರದಿಂದಲೇ ಕೂಗಿದರು.

ಅಬ್ಬಾ ಥಟ್ಟನೆ ಎಡ ಮೊಣಕೈ ಹಿಡಿದುಕೊಂಡರು. ಮುಖ ಹಿಂಡಿದರು. "ಎಲ್ಲಿದ ಬಿಡಪಾ. ಗೇರ್ ಹಾಕಾಕ ಬರಬೇಕಂದ್ರ ಇನ್ನೂ ವರ್ಷಾನ ಬೇಕಂತ," ಅಂದರು. ನರಳುತ್ತ ಎಡಗಡೆಯ ಬಾಗಿಲು ತೆಗೆದು, ನರಳುತ್ತ ಹತ್ತಿ, ತಮ್ಮ ಜಾಗದಲ್ಲಿ ಕೂತರು. "ನೋಡಕೋತ ನಿಂತಿಯಲ್ಲ ತಸ್ಲೀಮ, ಹತ್ತು. ಹೊತ್ತಾಗತೈತಿ."

ನನಗೆ ಕಣ್ಣು ತುಂಬಿ ಬಂತು. ಆದರೆ ನಾನು ಅತ್ತರೆ ಅವರ ಕೈ ಅಲ್ಲೇ ವಾಸಿಯಾಗಿಬಿಟ್ಟೀತು ಅಂತ ಹೆದರಿ, ಬೇಗ ಹತ್ತಿ ಗಾಡಿ ಚಾಲೂ ಮಾಡಿದೆ.