ಎರಡು ಗಾಜಿನಲ್ಲೂ ಕೆಂಪು ಚುಕ್ಕೆ

ನಾನು ಒಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ಅಂಬಾಲದ ಕಾರ್ಖಾನೆಯಲ್ಲಿ, ಹಿತ್ತಾಳೆ ಉಜ್ಜುವವರ ಬೈಗುಳ ಕೇಳುತ್ತಾ. ಜನ ನನ್ನೊಳಗೆ ಬಗ್ಗಿ ನೋಡುತ್ತಾರೆ, ನಾನು ಅವರನ್ನು ಕೆಳಗಿನಿಂದ ನೋಡುತ್ತೇನೆ. ಯಾರ ಮೂಗಿನಲ್ಲಿ ಎಷ್ಟು ಕೂದಲು ಎಂಬುದೂ ನನಗೆ ಗೊತ್ತು.

ಮೊದಲು ನಾರುಹುಣ್ಣಿನ ಕಾಲದಲ್ಲಿ ಜೀಪಿನಲ್ಲಿ ಹಳ್ಳಿ ಹಳ್ಳಿ ಅಲೆದೆ. ಮೆಟ್ಟಿಲು ಬಾವಿಯ ಒಂದು ಹನಿಯಲ್ಲಿ ಮಿಸುಕುವ ಜೀವಗಳನ್ನು ತೋರಿಸಿದರೆ ಸಾಕು, ಹೆಂಗಸರು ಥೂ ಎಂದು ಉಗಿದು ಬಟ್ಟೆಯಲ್ಲಿ ನೀರು ಸೋಸತೊಡಗುತ್ತಿದ್ದರು. ಆ ರೋಗ ಹೋಯಿತು. ನನ್ನನ್ನು ಒಂದು ಊರಿನ ನೀರು ಶುದ್ಧೀಕರಣ ಘಟಕಕ್ಕೆ ಸಾಗಹಾಕಿದರು.

ಅಲ್ಲಿ ನೀರು ಪರೀಕ್ಷಿಸುವವಳು ನೀಲಗಂಗಾ. ಅವಳ ಗಂಡ ಚನ್ನವೀರನಿಗೆ ಅಕ್ಕನ ಮೂತ್ರಪಿಂಡ ಜೋಡಿಸಿದ್ದರು. ಅದನ್ನು ಉಳಿಸುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕಿತ್ತುಕೊಂಡಿದ್ದವು. ಒಂದು ಭೇದಿ ಹತ್ತಿದರೂ ಅವನ ಜೀವಕ್ಕೆ ಕುತ್ತು.

ಆ ಮಳೆಗಾಲ ಊರಿನ ಮಕ್ಕಳಿಗೆ ಭೇದಿ ಶುರುವಾಯಿತು. ನೀಲಗಂಗಾ ಬೀದಿ ನಲ್ಲಿಯ ನೀರು ಸೋಸಿ, ಉಳಿದ ಗಸಿಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಚ್ಚಿ ನನ್ನ ಕೆಳಗಿಟ್ಟಳು. ನೀಲಿ ನೆಲದ ಮೇಲೆ ಕೆಂಪು ದುಂಡು ಚುಕ್ಕೆಗಳು. ಭೇದಿ ತರುವ ಪರಾವಲಂಬಿಯ ಮೊಟ್ಟೆಗಳು!

ಹೋಲಿಸಲು ಸ್ವಚ್ಛ ನೀರಿನ ಗಾಜೂ ಬೇಕು. ಅದಕ್ಕೆಂದು ನೀರು ಭಟ್ಟಿ ಇಳಿಸುವ ಯಂತ್ರ ಸುಟ್ಟುಹೋಗಿತ್ತು. ನಮ್ಮ ಘಟಕದ ನೀರೇ ಶುದ್ಧವಲ್ಲವೇ ಎಂದು ಎಲ್ಲರೂ ಮಾಡುವಂತೆ ಅವಳೂ ಪ್ರಯೋಗಾಲಯದ ನಲ್ಲಿ ತಿರುಗಿಸಿದಳು. ಅದರ ಗಾಜಿನಲ್ಲೂ ಕೆಂಪು.

ಎಂಜಿನಿಯರ್ ಪಂಪಣ್ಣ ಗುಟ್ಕಾ ವಾಸನೆಯೊಡನೆ ನನ್ನ ಮೇಲೆ ಬಗ್ಗಿದ.

"ಏನ್ರೀ ನೀಲಗಂಗಾ, ನಮ್ಮ ನಳದಾಗೂ ಅದಾವಂತೀರಿ? ಕ್ಲೋರಿನ್ ಏನು ಉಪ್ಪಿಟ್ಟಿಗೆ ಹಾಕೀವೇನು?"

"ಇವು ಕ್ಲೋರಿನ್‌ಗೆ ಸಾಯಂಗಿಲ್ರೀ ಸರ."

"ಎರಡರಾಗೂ ಒಂದ ನಮೂನಿ ಕಾಣಾಕತ್ತಾವಂದ್ರ ಈ ಮುದುಕನ ಕಣ್ಣಿಗೆ ಪೊರಿ ಬಂದದ. ಮೊದ್ಲ ಎಲ್ಲಾ ತೊಳೀರಿ!"

ನನಗೆ ಪೊರೆಯಂತೆ! ಬಾಯಿದ್ದಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಅವಳು ಗಾಜುಗಳನ್ನು ತೊಳೆದಳು, ಅದೇ ನಲ್ಲಿಯ ನೀರಿನಲ್ಲಿ. ಎರಡನ್ನೂ ಹೊಸದಾಗಿ ಮಾಡಿಟ್ಟರೂ ಮತ್ತೆ ಕೆಂಪು. ದೋಷ ಉಪಕರಣದ್ದೇ ಎಂದು ಅವಳಿಗೂ ಅನ್ನಿಸಿ ಮನಸ್ಸು ಹಗುರಾಯಿತು. ಊರಿನ ಪೈಪಿಗಿಂತ ಘಟಕದ ನೀರು ಚೊಕ್ಕವೆಂದು, ಎಂದಿನಂತೆ ಗಂಡನಿಗೊಂದು ಕ್ಯಾನ್ ತುಂಬಿಕೊಂಡು ಹೋದಳು.

ಆಮೇಲೆ ಬಹಳ ದಿನ ಅವಳು ಬರಲಿಲ್ಲ. ಬಂದಾಗ ಕೈಯಲ್ಲಿ ಆಸ್ಪತ್ರೆಯ ಸಲೈನ್ ಬಾಟಲಿಗಳಿದ್ದವು, ಮೊಹರು ಒಡೆಯದವು. ಹೊಸ ಗಾಜುಗಳನ್ನು ಅದರಲ್ಲೇ ತೊಳೆದು, ಸ್ವಚ್ಛ ನೀರಿನ ಬದಲಿಗೆ ಅದನ್ನೇ ಸೋಸಿ ಇಟ್ಟಳು. ಬರೀ ನೀಲಿ. ನಲ್ಲಿ ನೀರಿನ ಗಾಜಿಟ್ಟಳು. ಕೆಂಪು.

"ಈಗ ನೋಡ್ರಿ ಸರ."

ಪಂಪಣ್ಣ ಬಗ್ಗಿ ಎರಡೂ ಗಾಜುಗಳನ್ನು ಅದಲು ಬದಲು ಮಾಡಿ ನೋಡಿದ. "ಈಗಿಂದೀಗ ನೀರು ಬಂದ್ ಮಾಡಸ್ತೀನವಾ. ಕಾಸಿ ಕುಡೀರಿ ಅಂತ ಡಂಗುರ ಹೊಡಸ್ತೀನಿ," ಎಂದ. ಆಮೇಲೆ ಮೆಲ್ಲಗೆ, "ಮನ್ಯಾಗ ಯಜಮಾನ್ರು ಹ್ಯಾಂಗದಾರ?"

"ನಿನ್ನಿ ಮಣ್ಣು ಮಾಡಿದ್ವಿರೀ."

ಈಗ ನನ್ನ ಜಾಗಕ್ಕೆ ಹೊಸ ಸೂಕ್ಷ್ಮದರ್ಶಕ ಬಂದಿದೆ. ನಾನು ಪಕ್ಕದ ಗುಜರಿ ಕೋಣೆಯಲ್ಲಿ ಸುಟ್ಟ ಮೋಟಾರುಗಳ ನಡುವೆ ಕೂತಿದ್ದೇನೆ. ಮೊದಲ ದಿನವೇ ಸರಿಯಾಗಿ ತೋರಿಸಿದ್ದೆ. ಅದರಿಂದ ಯಾರಿಗೇನು ಬಂತು? ಬಾಗಿಲು ತೆರೆದಾಗ ನೀಲಗಂಗಾ ಕಾಣುತ್ತಾಳೆ. ನದಿ ನೀರು, ನಲ್ಲಿ ನೀರಿನ ಗಾಜುಗಳನ್ನು ಬೇಗ ನೋಡಿ ಮುಗಿಸುತ್ತಾಳೆ. ಸ್ವಚ್ಛ ನೀರಿನ ಗಾಜಿನ ಮುಂದೆ ಮಾತ್ರ ಕಣ್ಣು ಕೀಳದೆ ಕೂರುತ್ತಾಳೆ. ಅದರಲ್ಲಿ ಏನೂ ಇರುವುದಿಲ್ಲ.