ಒಂದನೇ ನಂಬರಿನ ಜಾಗ

ಸಮವಸ್ತ್ರದ ಕೋಟಿನ ಕೊನೆಯ ಗುಂಡಿಯನ್ನು ನಟಾಲಿ ಹಾಕಿಕೊಳ್ಳುತ್ತಿದ್ದಾಗ ಅವಳ ತಾಯಿ ಡೊಲೊರೆಸ್ ಬಾಗಿಲಲ್ಲಿ ಬಂದು ನಿಂತಳು.

"ಬಿಚ್ಚು ಅದನ್ನ. ಕಪ್ಪು ಗೌನು ಇಸ್ತ್ರಿ ಮಾಡಿಟ್ಟಿದ್ದೀನಿ."

"ಅಪ್ಪನ್ನ ಕಳಿಸಿಕೊಡೋಕೆ ಪೈಲಟ್‌ಗಳೆಲ್ಲ ಯೂನಿಫಾರಂನಲ್ಲೇ ಬರ್ತಾರಲ್ಲಮ್ಮ."

"ಅವರು ನಿಮ್ಮಪ್ಪನ ಕಂಪನಿಯೋರು. ನೀನು ದೊಡ್ಡ ಕಂಪನಿಯೋಳು. ನಮ್ಮ ಬಾಯಿಂದ ತುತ್ತು ಕಿತ್ಕೊಂಡೋಳು ಬಂದ್ಲು ಅಂತಾರೆ. ಇವತ್ತೊಂದಿನ ಜಗಳ ಬೇಡ ಕಣೇ."

ನಟಾಲಿ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡಳು. "ಅಪ್ಪನ ಸಾಲಲ್ಲಿ ನಿಲ್ತೀನಿ. ಬೇಡ ಅನ್ನೋದಾದ್ರೆ ಸಾಲಲ್ಲಿರೋರೇ ಅನ್ಲಿ."

ಅವಳ ತಂದೆ ಲೆನ್ ಹುದಾಕ್ ಪಿಟ್ಸ್‌ಬರ್ಗಿನಿಂದ ಸುತ್ತಲಿನ ಚಿಕ್ಕ ಊರುಗಳಿಗೆ ಮೂವತ್ತಕ್ಕೂ ಹೆಚ್ಚು ವರ್ಷ ವಿಮಾನ ಹಾರಿಸಿದ್ದ. ನಿವೃತ್ತಿಗೆ ಇನ್ನೂ ಸಮಯವಿತ್ತು. ಭಾನುವಾರ ಮನೆ ಮುಂದಿನ ಹಿಮ ಎತ್ತುತ್ತಿದ್ದವನು ಸಲಿಕೆ ಹಿಡಿದಂತೆಯೇ ಕುಸಿದಿದ್ದ. ಅವನು ಹಾರಿಸಿದ ವಿಮಾನಗಳ ಬಾಲದ ಮೇಲೆ ದೊಡ್ಡ ಕಂಪನಿಯ ಬಣ್ಣ, ಟಿಕೆಟ್ಟಿನ ಮೇಲೆ ಅದರದೇ ಹೆಸರು. ಹಾರಿಸುವವರು ಮಾತ್ರ ಗುತ್ತಿಗೆ ಹಿಡಿದ ಚಿಕ್ಕ ಕಂಪನಿಯವರು, ಅರ್ಧ ಸಂಬಳದವರು. ಹೋದ ಬೇಸಿಗೆಯಲ್ಲಿ ದೊಡ್ಡ ಕಂಪನಿಯ ಪೈಲಟ್‌ಗಳು ಹೊಸ ಒಪ್ಪಂದಕ್ಕೆ ಮತ ಹಾಕಿದರು. ಹೊರಗೆ ಕೊಟ್ಟ ಹಾರಾಟವನ್ನೆಲ್ಲ ಹಂತಹಂತವಾಗಿ ವಾಪಸು ತರಬೇಕೆಂಬುದು ಅದರ ತಿರುಳು. ಅಂದಿನಿಂದ ಚಿಕ್ಕ ಕಂಪನಿಯ ವಿಮಾನಗಳು ಒಂದೊಂದಾಗಿ ನಿಲ್ಲುತ್ತ ಬಂದಿದ್ದವು. ನಟಾಲಿ ಮತ ಹಾಕಿದ್ದು ಒಪ್ಪಂದದ ಪರವಾಗಿ.

ಚರ್ಚಿನಲ್ಲಿ ಪೂಜೆ ಮುಗಿಯಿತು. ಶವದ ಪೆಟ್ಟಿಗೆ ಹೊರಗೆ ಬರುವ ಮೊದಲೇ ಪೈಲಟ್‌ಗಳು ಚರ್ಚಿನ ಬಾಗಿಲಿನಿಂದ ರಸ್ತೆಯಲ್ಲಿ ನಿಂತ ಶವದ ಗಾಡಿಯವರೆಗೆ ಸಾಲುಗಟ್ಟಲು ಶುರುಮಾಡಿದರು. ಅವರಲ್ಲಿ ಕೆಲಸಕ್ಕೆ ಸೇರಿದ ದಿನವೇ ಜಾತಕ. ಯಾವ ವಿಮಾನ, ಯಾವ ಊರು, ಕ್ರಿಸ್ಮಸ್ಸಿಗೆ ಯಾರಿಗೆ ರಜೆ ಎಂಬುದೆಲ್ಲ ಆ ದಿನದಿಂದ ಬಂದ ನಂಬರಿನ ಮೇಲೆ ತೀರ್ಮಾನವಾಗುತ್ತಿತ್ತು. ಮೇಲಿನವನು ಹೋದರೆ ಕೆಳಗಿನವರೆಲ್ಲ ಒಂದು ಮೆಟ್ಟಿಲು ಏರುತ್ತಿದ್ದರು.

"ಎತ್ತರದ ಪ್ರಕಾರ ನಿಂತ್ರೆ ಚೆನ್ನಾಗಿ ಕಾಣುತ್ತಲ್ವಾ?" ಎಂದು ಪಾದ್ರಿ ಕೇಳಿದರು.

"ಹಾಗೇನಾದ್ರೂ ನಿಂತ್ರೆ ಲೆನ್ ಪೆಟ್ಟಿಗೆ ಒಳಗಿಂದಾನೇ ಸಂಘಕ್ಕೆ ದೂರು ಕೊಡ್ತಾನೆ, ಫಾದರ್," ಎಂದ ರೇ ಕೊಸ್ಟೆಲ್ನಿಕ್. ಲೆನ್ ಒಂದನೇ ನಂಬರಾದರೆ ರೇ ಎರಡನೆಯವನು. ಗಾಡಿಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ಅವನು ನಿಂತಿದ್ದ.

ನಡುವೆ ಇಬ್ಬರು ಮೆಲ್ಲಗೆ ಕಚ್ಚಾಡುತ್ತಿದ್ದರು. "ಒಂದೇ ದಿನ ಸೇರಿದ್ದು ನಿಜ ಕಣೋ. ವಯಸ್ಸಲ್ಲಿ ನಾನು ದೊಡ್ಡೋನು. ಹಿಂದೆ ಸರಿ."

"ಮೂರು ತಿಂಗಳಿಗೇ ತಾತ ಆಗ್ಬಿಟ್ಯಾ!"

ನಟಾಲಿ ಟೋಪಿ ಹಾಕಿಕೊಂಡು ರೇ ಹತ್ತಿರ ಬರುತ್ತಿದ್ದಂತೆ ಸುತ್ತಲಿನವರ ನಗು ನಿಂತಿತು. ಸಾಲಿನಲ್ಲಿ ಮೂರನೆಯವಳಾಗಿದ್ದ ಜೀನಾ ಬ್ರುನೊ ಅವಳನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು.

"ಓಹೋ, ದೊಡ್ಡ ಕ್ಯಾಪ್ಟನಮ್ಮನೋರು ಬಂದ್ರು. ನಿಮಗೆ ಇಲ್ಲಿ ನಂಬರ್ ಇಲ್ಲ ತಾಯಿ. ವಿಮಾನ ತಗೊಂಡ್ರಿ, ಇನ್ನು ಸಾಲನ್ನೂ ತಗೋತೀರಾ?"

"ಸುಮ್ನಿರು ಜೀನಾ," ಎಂದ ರೇ. "ನೀನೂ ಅಲ್ಲಿಗೇ ಅರ್ಜಿ ಹಾಕಿದ್ದೀಯಂತೆ."

"ಹಾಕದೆ ಏನ್ಮಾಡ್ಲಿ? ಇಪ್ಪತ್ತಾರು ವರ್ಷದ ನಂಬರ್ ಇಲ್ಲೇ ಬಿಟ್ಟು, ಅಲ್ಲಿ ನಿನ್ನೆ ಮೊನ್ನೆ ಬಂದೋರ ಹಿಂದೆ ನಿಲ್ಬೇಕು. ಹೇಗಿರುತ್ತೆ ಗೊತ್ತಾ ಅದು?" ಜೀನಾಳ ದನಿ ಒಡೆಯಿತು. ಅವಳು ಮುಖ ತಿರುಗಿಸಿಕೊಂಡಳು.

ನಟಾಲಿ ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿದಳು.

*

ಮತ ಹಾಕಿದ ಸಂಜೆ ಅವಳು ನೇರವಾಗಿ ತಂದೆಯ ಅಡುಗೆಮನೆಗೆ ಬಂದಿದ್ದಳು. ಲೆನ್ ಆಲೂಗಡ್ಡೆಯ ಹೂರಣ ತುಂಬಿ ಪಿರೋಗಿ ಕಡುಬಿನ ಅಂಚು ಒತ್ತುತ್ತಿದ್ದ.

"ಅಪ್ಪ, ನಾನು ಹೌದು ಅಂತ ಹಾಕ್ದೆ."

"ಇಲ್ಲ ಅಂತ ಹಾಕಿದ್ರೆ ಇವತ್ತು ಉಪವಾಸ ಕೆಡವ್ತಿದ್ದೆ."

"ತಮಾಷೆ ಬೇಡಪ್ಪ. ನಿಮ್ಮ ಕಂಪನಿ ಮುಚ್ಚಿ ಹೋಗುತ್ತೆ."

ಅವನು ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. "ಅದು ಹುಟ್ಟಿದ್ದೇ ಅಗ್ಗಕ್ಕೆ ಹಾರಿಸೋಕೆ. ನಾನು ಜೀವಮಾನವಿಡೀ ಬಡಿದಾಡಿದ್ದು ನಾವು ಅಗ್ಗ ಅಲ್ಲ ಅಂತ. ಅಗ್ಗದ ಕೆಲಸ ನಿಂತ್ರೆ ನಿಮ್ಮಪ್ಪ ಸೋತ ಅನ್ಬೇಡ. ಗೆದ್ದ ಅನ್ನು."

"ನೀನೇ ದೊಡ್ಡ ಕಂಪನಿಗೆ ಹೋಗಬಹುದಿತ್ತಲ್ಲ. ಎರಡು ಸಲ ಕರೆದಿದ್ರು."

"ಮುಷ್ಕರದ ಚಳಿಗಾಲ ನೆನಪಿದೆಯಾ? ಸಂಬಳ ಹೆಚ್ಚಿಸಿ ಅಂತ ನಮ್ಮ ಪೈಲಟ್‌ಗಳೆಲ್ಲ ಟೋಪಿ ಹಾಕ್ಕೊಂಡು, ಬಾಯಿ ಮುಚ್ಕೊಂಡು, ಹಿಮದಲ್ಲಿ ನನ್ನ ಹಿಂದೆ ನಡೆದ್ರು. ಒಬ್ಬರೂ ಸಾಲು ಬಿಡಲಿಲ್ಲ. ಮುಗಿದ ಮೇಲೆ ಅವರನ್ನ ಬಿಟ್ಟು ಹೋಗೋಕೆ ಕಾಲೇ ಬರಲಿಲ್ಲ ಮಗಳೇ." ಇನ್ನೊಂದು ಪಿರೋಗಿಯ ಅಂಚನ್ನು ಒತ್ತಿ ಮುಗಿಸಿದ. "ನಮ್ಮೋರನ್ನ ನಿಮ್ಮ ಸಾಲಿಗೆ ಸೇರಿಸ್ಕೊಳ್ಳಿ. ಕೊನೇಲಾದ್ರೂ ಸರಿ. ಕೊನೇಲಿ ನಿಲ್ಲೋದು ಅವಮಾನ ಅಲ್ಲ ಅಂತ ಯಾರಾದ್ರೂ ಅವರಿಗೆ ತೋರಿಸ್ಬೇಕು ಅಷ್ಟೆ."

*

"ರೇ ಅಂಕಲ್, ನಿಮ್ಮ ಸಾಲಿಗೆ ಹೊಸದಾಗಿ ಬಂದೋರು ಎಲ್ಲಿ ನಿಲ್ಬೇಕು?" ಎಂದು ನಟಾಲಿ ಕೇಳಿದಳು.

ರೇ ಅವಳನ್ನು ದಿಟ್ಟಿಸಿ ನೋಡಿದ. "ಕೊನೇಲಿ."

ಅವಳು ತಿರುಗಿ ನಡೆದಳು. ಕೋಟಿನ ತೋಳಿನ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿಯರು, ಹುಡುಗರು ಅವಳಿಗೆ ದಾರಿ ಬಿಡಲು ಹಿಂದೆ ಸರಿದರು. ಅವಳು ಅವರನ್ನೆಲ್ಲ ದಾಟಿ, ಚರ್ಚಿನ ಮೆಟ್ಟಿಲ ಬುಡದಲ್ಲಿ, ಕಟ್ಟಕಡೆಯವನ ಹಿಂದೆ ಹೋಗಿ ನಿಂತಳು.

ಹಿಮದ ಮೇಲೆ ಬೂಟು ಕಿರುಗುಟ್ಟಿತು. ಜೀನಾ ತನ್ನ ಜಾಗ ಬಿಟ್ಟು ಅಷ್ಟು ದೂರ ನಡೆದು ಬಂದಿದ್ದಳು. ಕಣ್ಣು ಕೆಂಪಗಿತ್ತು.

"ಟೋಪಿ ಸೊಟ್ಟಗಿದೆ," ಎಂದು ಎರಡು ಕೈಯಿಂದಲೂ ಅದನ್ನು ನೆಟ್ಟಗೆ ಮಾಡಿದಳು. "ಸೊಟ್ಟ ಟೋಪಿ ಕಂಡ್ರೆ ನಿಮ್ಮಪ್ಪ ಸಾಲಿಂದಾನೇ ಆಚೆ ಕಳಿಸ್ತಿದ್ದ. ಹೂಂ, ಈಗ ಸರಿ." ಮತ್ತೆ ತನ್ನ ಜಾಗಕ್ಕೆ ಹೋದಳು.

ಬಾಗಿಲು ತೆರೆಯಿತು. ಮುಷ್ಕರದ ದಿನಗಳಂತೆಯೇ ಯಾರೂ ತುಟಿ ಬಿಚ್ಚಲಿಲ್ಲ. ಮೊದಲು ಮಗಳ ಮುಂದೆ ಹಾದು, ಕಿರಿಯರನ್ನು, ನಡುವಿನವರನ್ನು, ಹಿರಿಯರನ್ನು ದಾಟಿ ಲೆನ್ ಹುದಾಕ್ ಸಾಲಿನ ತಲೆಗೆ ತಲುಪಿದ. ಡೊಲೊರೆಸ್ ಪೆಟ್ಟಿಗೆಯ ಹಿಂದೆ ನಡೆಯುತ್ತ ಮಗಳ ಮುಂದೆ ಅರೆಗಳಿಗೆ ನಿಂತಳು. ಕೋಟಿನ ಗುಂಡಿಯನ್ನು ಮುಟ್ಟಿ ಮುಂದಕ್ಕೆ ಹೋದಳು.

ಗಾಡಿ ಹೊರಟಿತು. ಅದು ಇಳಿಜಾರಿನ ತಿರುವಿನಲ್ಲಿ ಮರೆಯಾಗುವ ತನಕ ಯಾರೂ ಅಲುಗಲಿಲ್ಲ. ಆಮೇಲೆ ರೇ ಒಂದು ಹೆಜ್ಜೆ ಮುಂದಿಟ್ಟು ಖಾಲಿ ಜಾಗದಲ್ಲಿ ನಿಂತ. ಯಾರೂ ಹೇಳಿರಲಿಲ್ಲ. ಜೀನಾ ಒಂದು ಹೆಜ್ಜೆ ಇಟ್ಟಳು, ಅವಳ ಹಿಂದಿನವನು ಇಟ್ಟ. ಆ ಹೆಜ್ಜೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಸಾಲಿನುದ್ದಕ್ಕೂ ಹರಿದು ಮೆಟ್ಟಿಲ ಬುಡಕ್ಕೆ ಬಂತು. ನಟಾಲಿಯೂ ಒಂದು ಹೆಜ್ಜೆ ಮುಂದೆ ಸರಿದಳು.

ಅವಳ ಹಿಂದೆ ಹಿಮದಲ್ಲಿ ಒಂದು ಜೊತೆ ಬೂಟಿನ ಗುರುತು, ಇನ್ನೊಬ್ಬರು ಬಂದು ನಿಲ್ಲುವಷ್ಟು ಜಾಗ.